ಸಿಂಗಪುರದ ಎ.ಸಿ.ಯಲ್ಲಿ ಮುನಿಸಿಕೊಂಡ ಪಿಸ್ತೂಲು

ಚಾಂಗಿ

ಸಿಂಗಪುರಕ್ಕೆ ಹೋಗುವವರು ಹೋಗುವಾಗ ಉಪ್ಪಿನಕಾಯಿ ಒಯ್ಯುತ್ತಾರೆ, ಬರುವಾಗ ಕ್ಯಾಮೆರಾ ತರುತ್ತಾರೆ. ನಾನು ಹೋಗುವಾಗ ಒಂದು ಪಿಸ್ತೂಲನ್ನೂ ನನ್ನ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಎರಡರಲ್ಲಿ ಯಾವುದನ್ನು ಸಂಭಾಳಿಸುವುದು ಸುಲಭ ಎಂದು ಇವತ್ತಿಗೂ ಹೇಳಲಾರೆ.

ಗಾಬರಿಯಾಗಬೇಡಿ. ನಾನು ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು. ವಾರದಲ್ಲಿ ಐದು ದಿನ ಸೀಮೆಸುಣ್ಣ ಹಿಡಿಯುತ್ತೇನೆ, ಭಾನುವಾರ ರೈಫಲ್ ಕ್ಲಬ್ಬಿನಲ್ಲಿ ಪುಟ್ಟ ಪಾಯಿಂಟ್ ಟೂ ಟೂ ಪಿಸ್ತೂಲು ಹಿಡಿಯುತ್ತೇನೆ. ಇದುವರೆಗೆ ನಾನು ಕೊಂದಿರುವುದು ಕಾಗದವನ್ನು ಮಾತ್ರ. ಎರಡು ಸಾವಿರದ ದಶಕದ ನಡುವಿನ ಒಂದು ನವೆಂಬರಿನಲ್ಲಿ, ಬೆಂಗಳೂರಿನ ವಿಮಾನ ನಿಲ್ದಾಣ ಇನ್ನೂ ಊರೊಳಗೇ ಇದ್ದ ಕಾಲದಲ್ಲಿ, ಸಿಂಗಪುರದ ಒಂದು ಶೂಟಿಂಗ್ ಕ್ಲಬ್ಬು ನಮ್ಮ ಕ್ಲಬ್ಬನ್ನು ಸೌಹಾರ್ದ ಪಂದ್ಯಕ್ಕೆ ಕರೆಯಿತು. ಮೂವರ ತಂಡ. ಕ್ಯಾಪ್ಟನ್ ರಾಜಶೇಖರ್, ಮೇಟಗಳ್ಳಿಯಲ್ಲಿ ಫ್ಯಾಕ್ಟರಿ ಇಟ್ಟುಕೊಂಡವರು. ಎರಡನೆಯವರು ಹಲ್ಲಿನ ಡಾಕ್ಟರ್ ಉತ್ತಪ್ಪ. ಮೂರನೆಯವಳು ನಾನು. ಯಾರಿಗಾದರೂ ಹುಷಾರು ತಪ್ಪಿದರೆ ಇರಲಿ ಎಂದು ರಾಜಶೇಖರ್ ಅವರ ಭಾಮೈದ ಕಿಶೋರ್ ಕೂಡ ಬಂದಿದ್ದರು. ಅವರ ಮನಸ್ಸೆಲ್ಲ ಶಾಪಿಂಗ್ ಮೇಲೆ.

ರಾಜಶೇಖರ್ ಒಳ್ಳೆಯ ಮನುಷ್ಯರೇ. ಆದರೆ ಅವರದೊಂದು ಸಿದ್ಧಾಂತವಿತ್ತು: ಹೆಂಗಸರ ಕೈಯಲ್ಲಿ ಪಿಸ್ತೂಲು ಸರಿಯಾಗಿ ಓಡುವುದಿಲ್ಲ, ಯಾಕೆಂದರೆ ಅವರ ಮಣಿಕಟ್ಟು ಮೆತ್ತಗೆ. ಇದರಲ್ಲಿ ಚೂರು ಸತ್ಯವೂ ಇದೆ, ಅದೇ ತೊಂದರೆ. ಈ ಪಿಸ್ತೂಲುಗಳಲ್ಲಿ ಪ್ರತಿ ಗುಂಡು ಹಾರಿದಾಗಲೂ ಅದರ ಒದೆತಕ್ಕೆ ಮೇಲಿನ ಭಾಗ ಹಿಂದಕ್ಕೆ ಸರಿದು, ಗುಂಡಿನ ಖಾಲಿ ಹಿತ್ತಾಳೆ ಚಿಪ್ಪನ್ನು, ಅಂದರೆ ಕೇಸನ್ನು, ಹೊರಗೆಸೆದು, ಮುಂದಿನ ಗುಂಡನ್ನು ಒಳಗೆ ತಳ್ಳಬೇಕು. ಹಿಡಿದ ಕೈಯೇ ಅದರ ಜೊತೆ ಹಿಂದಕ್ಕೆ ಹೋದರೆ ಕೆಲಸ ಅರ್ಧಕ್ಕೆ ನಿಂತು ಜಾಮ್ ಆಗುತ್ತದೆ. ಹಾಗಾಗಿ ಗಂಡಸರ ಪಿಸ್ತೂಲು ಜಾಮ್ ಆದರೆ ಸ್ಪ್ರಿಂಗಿನ ತಪ್ಪು, ನಮ್ಮದು ಜಾಮ್ ಆದರೆ ನಮ್ಮ ಕೈಯ ತಪ್ಪು. ವರ್ಷಗಟ್ಟಲೆ ಈ ಮಾತು ಕೇಳಿಸಿಕೊಂಡೇ ನಾನು ಅಂಕ ಗಳಿಸಿ, ಬೇಡ ಎನ್ನಲಾಗದಂತೆ ತಂಡಕ್ಕೆ ಬಂದಿದ್ದೆ. ಕ್ಲಬ್ಬಿನಿಂದ ಹೊರದೇಶಕ್ಕೆ ಹೋದ ಮೊದಲ ಹೆಂಗಸು ನಾನೇ.

ಬೆಂಗಳೂರಿನ ನಿಲ್ದಾಣದಲ್ಲಿ ನನ್ನ ಪಿಸ್ತೂಲಿನ ಪೆಟ್ಟಿಗೆ ತೆರೆದಾಗ ಸುತ್ತಲಿದ್ದವರೆಲ್ಲ ಬಂದು ಇಣುಕಿದ್ದರು, ಒಬ್ಬರು ಎಷ್ಟು ಭಾರ ಎಂದು ಎತ್ತಿಯೂ ನೋಡಿದರು. ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಒಬ್ಬ ಪೊಲೀಸ್ ಅಧಿಕಾರಿಣಿ ಬಂದು, ಕಾಗದ ನೋಡಿ, ಪೆಟ್ಟಿಗೆಗೆ ಮುದ್ರೆ ಹಾಕಿ, ನಗುತ್ತ ತೆಗೆದುಕೊಂಡು ಹೋದಳು. ಅದು ನೇರವಾಗಿ ಕ್ಲಬ್ಬಿನ ಶಸ್ತ್ರಾಗಾರಕ್ಕೆ. ಆ ದೇಶದಲ್ಲಿ ನನ್ನ ಪಿಸ್ತೂಲನ್ನು ನಾನೇ ಹೊತ್ತು ತಿರುಗುವಂತಿಲ್ಲ, ಗುರಿ ಹೊಡೆಯುವ ರೇಂಜಿನಲ್ಲಿ ಕೈಗೆ ಕೊಡುತ್ತಾರೆ, ಮುಗಿದ ಕೂಡಲೇ ವಾಪಸ್ ಪಡೆಯುತ್ತಾರೆ. ಅತ್ತೆಯವರ ಹುಳಿಪುಡಿಯ ಡಬ್ಬಿಗೆ ಮಾತ್ರ ಇದಕ್ಕಿಂತ ಹೆಚ್ಚು ವಿಚಾರಣೆಯಾಯಿತು. "ತಿನ್ನೋದಪ್ಪಾ, ತಿನ್ನೋದು" ಎಂದು ಅವರು ಕನ್ನಡದಲ್ಲೇ ಗದರಿದ ಮೇಲೆ ಬಿಟ್ಟರು.

ಆಂಗ್ ಮೋ ಕಿಯೋ

ನಾನೂ ಅತ್ತೆಯೂ ಇಳಿದುಕೊಂಡದ್ದು ಆಂಗ್ ಮೋ ಕಿಯೋ ಎಂಬ ಬಡಾವಣೆಯಲ್ಲಿ, ಅತ್ತೆಯ ತಂಗಿಯ ಮಗಳು ಸುಧಾಳ ಮನೆಯಲ್ಲಿ. ಅವಳಿಗೆ ಅಲ್ಲೇ ಹತ್ತಿರದ ಕಂಪನಿಯಲ್ಲಿ ಕೆಲಸ, ಗಂಡ ಪ್ರಕಾಶನಿಗೆ ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ. ಹೊರಗೆ ಕಾಲಿಟ್ಟರೆ ಇಡ್ಲಿ ಪಾತ್ರೆಯೊಳಗೆ ಹೊಕ್ಕ ಹಾಗೆ ಬೆವರು. ಒಳಗೆ ಬಂದರೆ ಹಲ್ಲು ಕಟಕಟ ಎನ್ನುವಷ್ಟು ಎ.ಸಿ. ಸಿಂಗಪುರದವರಿಗೆ ಮಧ್ಯದ ಹವಾಮಾನ ಎನ್ನುವುದೇ ಗೊತ್ತಿಲ್ಲ. ಬಸ್ಸು, ಬ್ಯಾಂಕು, ಮಾಲ್ ಎಲ್ಲ ಕಡೆ ಊಟಿ. ಅತ್ತೆ ಎರಡನೇ ದಿನದಿಂದಲೇ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ ಕೂತರು.

ಮೊದಲ ಸಂಜೆ ಸುಧಾ ನಾಲ್ಕಾರು ಕನ್ನಡದ ಮನೆಯವರನ್ನು ಬಿಸಿಬೇಳೆಬಾತಿಗೆ ಕರೆದಿದ್ದಳು. ಬಂದವರೆಲ್ಲ ನನ್ನ ಕೈಚೀಲವನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಕೊನೆಗೆ ಒಬ್ಬ ಹುಡುಗಿ ಕೇಳಿಯೇ ಬಿಟ್ಟಳು.

"ಆಂಟಿ, ಇಂಡಿಯಾದಲ್ಲಿ ನೀವು ಅದನ್ನ ಹ್ಯಾಂಡ್‌ಬ್ಯಾಗಲ್ಲೇ ಕ್ಯಾರಿ ಮಾಡ್ತೀರಾ? ಸೇಫ್ಟಿಗೆ?"

"ಅವಳ ಬ್ಯಾಗಲ್ಲಿ ಚಾಕ್‌ಪೀಸ್ ಬಿಟ್ರೆ ಏನೂ ಇಲ್ಲಮ್ಮ" ಎಂದು ಅತ್ತೆ ನನ್ನ ಮರ್ಯಾದೆಯನ್ನು ಒಂದೇ ಏಟಿಗೆ ಇಳಿಸಿದರು. ಬಂದಿದ್ದವರಿಗೆ ನಿಜವಾಗಿ ನಿರಾಸೆಯಾಯಿತು.

ಹಳೆಯ ರೇಂಜ್

ಮಾರನೆಯ ದಿನ ಅಭ್ಯಾಸಕ್ಕೆ ಕರೆದೊಯ್ದದ್ದು ಊರ ಅಂಚಿನ ಹಳೆಯ ರೇಂಜಿಗೆ. ಮೇಲೆ ಶೀಟು, ಮುಂದೆ ಹುಲ್ಲು, ಗೋಡೆಯಿಲ್ಲ. ನಮ್ಮ ಕ್ಲಬ್ಬಿನ ಹಾಗೇ ಇದೆಯಲ್ಲ ಎಂದು ಜೀವಕ್ಕೆ ಹಿತವಾಯಿತು.

ಕ್ಲಬ್ಬಿನ ಎರಡೂ ರೇಂಜುಗಳ ಉಸ್ತುವಾರಿ ಟಾನ್ ಅಂಕಲ್ ಎಂಬವರದು. ಅರವತ್ತು ದಾಟಿದ ಚೀನೀ ಮೂಲದವರು, ಹಿಂದೆ ಮಫ್ತಿ ಪೊಲೀಸ್ ಆಗಿದ್ದವರು, ಮಾತುಗಾರರು. ಅಂಗಿಯ ಅಡಿಯಲ್ಲಿ ಚಿಕ್ಕ ಪಿಸ್ತೂಲು ಸಿಕ್ಕಿಸಿಕೊಂಡೇ ಅರ್ಧ ಆಯುಷ್ಯ ಕಳೆದಿದ್ದರಂತೆ. ಹಿಂದಿನ ಸಂಜೆಯ ಕೈಚೀಲದ ಪ್ರಶ್ನೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಇಂಗ್ಲಿಷನ್ನು ನಾನು ಕನ್ನಡದಲ್ಲೇ ಹೇಳುತ್ತೇನೆ, ಅಲ್ಲಿನವರು ಮಾತಿನ ಕೊನೆಗೆ ಅಂಟಿಸುವ 'ಲಾ' ಒಂದನ್ನು ಬಿಟ್ಟು.

"ಬ್ಯಾಗಲ್ಲಿ ಇಡೋ ಚಿಕ್ಕ ಪಿಸ್ತೂಲಿನಷ್ಟು ಕೈಕೊಡೋದು ಇನ್ನೊಂದಿಲ್ಲ, ಲಾ. ಗಾತ್ರ ಚಿಕ್ಕದು, ಸರಿಯೋಕೆ ಜಾಗ ಕಮ್ಮಿ, ಸ್ಪ್ರಿಂಗ್ ಬಿಗಿ. ಜೇಬಿನ ನೂಲು, ಬೆವರು, ಪೌಡರು ಎಲ್ಲ ಒಳಗೆ ಸೇರುತ್ತೆ. ಮೇಲೆ ಊಟದಲ್ಲಿ ಬಹಳ ಚೂಸಿ. ಒಂದು ಕಂಪನಿ ಗುಂಡು ತಿನ್ನುತ್ತೆ, ಇನ್ನೊಂದನ್ನ ಉಗಿಯುತ್ತೆ. ಬಾಕ್ಸ್ ಮೇಲೆ ಏನೇ ಬರೆದಿರಲಿ, ನಿನ್ನ ಪಿಸ್ತೂಲು ಏನು ತಿನ್ನುತ್ತೆ ಅಂತ ನೀನೇ ನೂರಾರು ಸಲ ಹೊಡೆದು ನೋಡಬೇಕು. ಆಮೇಲೆ ನಂಬಬೇಕು."

ನನ್ನ ಪಿಸ್ತೂಲು ಅವರದರಂತೆ ಜೇಬಿನದಲ್ಲ, ಆಟದ್ದು. ಆದರೆ ಚಿಕ್ಕ ಗುಂಡು, ಸಣ್ಣ ಒದೆತ, ಆದ್ದರಿಂದ ಸ್ವಭಾವ ಅದೇ. ಅದು ತಿನ್ನುವುದು ನಿಧಾನದ ಗುಂಡನ್ನು. ಜೋರಿನ ಗುಂಡೂ ಸಿಗುತ್ತದೆ, ಅದು ಪಿಸ್ತೂಲನ್ನು ಗಟ್ಟಿಯಾಗಿ ಒದ್ದು ಓಡಿಸುತ್ತದೆ, ಆದರೆ ಕೊಳವೆಯ ಮೂತಿ ಹಾರಿ ಮುಂದಿನ ಗುರಿ ಕೆಡುತ್ತದೆ. ನನಗೆ ಬೇಕಾದದ್ದು ನಿಖರತೆ, ಹಾಗಾಗಿ ನಾನು ಯಾವತ್ತೂ ನಿಧಾನದವಳೇ. ಆ ಬೆಳಿಗ್ಗೆ ಬಿಸಿಲಿನಲ್ಲಿ ಒಂದು ಸಲವೂ ಅದು ತಡವರಿಸಲಿಲ್ಲ. ಟಾನ್ ಅಂಕಲ್ ನನ್ನ ಗುರಿಹಲಗೆ ನೋಡಿ ಹೆಬ್ಬೆರಳು ಎತ್ತಿದರು. ರಾಜಶೇಖರ್ ನೋಡಿಯೂ ನೋಡದ ಹಾಗೆ ಬೂಟಿನ ಲೇಸು ಕಟ್ಟಿಕೊಂಡರು.

ಒಳಾಂಗಣ

ಪಂದ್ಯ ಇದ್ದದ್ದು ಅಲ್ಲಲ್ಲ, ಕ್ಲಬ್ಬಿನ ಹೊಸ ಒಳಾಂಗಣ ರೇಂಜಿನಲ್ಲಿ. ಅದರ ಬೆಡಗು ಕೇಳಬೇಡಿ. ನೆಲದಲ್ಲಿ ಮುಖ ಕಾಣುತ್ತದೆ, ಗುರಿಹಲಗೆಗಳು ತಾವೇ ತಿರುಗುತ್ತವೆ, ಎ.ಸಿ. ಗಾಳಿಗೆ ಕಿವಿ ಮರಗಟ್ಟುತ್ತದೆ. ಪಂದ್ಯದ ಹಿಂದಿನ ದಿನ ಅಲ್ಲಿ ತಾಲೀಮಿಗೆ ನಿಂತೆ. ಮೊದಲ ಗುಂಡು ಹಾರಿತು. ಎರಡನೆಯದಕ್ಕೆ ಒತ್ತಿದರೆ ಏನೂ ಇಲ್ಲ. ನೋಡಿದರೆ ಮೊದಲನೆಯದರ ಖಾಲಿ ಕೇಸು ಹೊರಗೆ ಬೀಳದೆ ಕಿಂಡಿಯಲ್ಲಿ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿದೆ.

ತೆಗೆದೆ, ಮತ್ತೆ ಹೊಡೆದೆ. ಮತ್ತೆ ಸಿಕ್ಕಿಕೊಂಡಿತು. ಬಿಡದೆ ಹೊಡೆದ ಹಾಗೆ ಸ್ವಲ್ಪ ಸರಿಹೋಯಿತು. ಅಬ್ಬ ಎಂದು ನೀರು ಕುಡಿದು ಬಂದು ನಿಂತರೆ ಮತ್ತದೇ ರಾಗ. ನಡುನಡುವೆ ಕೊಬ್ಬರಿ ಸುಟ್ಟಂಥ ವಾಸನೆ ಬೇರೆ. ಕೆಳಗಿನ ಕ್ಯಾಂಟೀನಿನಲ್ಲಿ ತೆಂಗಿನ ಹಾಲಿನ ಅನ್ನ ಮಾಡುತ್ತಾರೆ, ಅದೇ ಇರಬೇಕು ಎಂದುಕೊಂಡೆ.

"ಮೇಡಂ, ಬೇಜಾರು ಮಾಡ್ಕೋಬೇಡಿ" ಎಂದು ರಾಜಶೇಖರ್ ಬಂದರು. ಬೇಜಾರಾಗುವ ಮಾತು ಬರುತ್ತಿದೆ ಎಂದು ತಿಳಿಯಿತು. "ನಿನ್ನೆ ಕೈ ಫ್ರೆಶ್ ಆಗಿತ್ತು, ಓಡ್ತು. ಇವತ್ತು ಟಯರ್ಡ್ ಆಗಿದೆ. ಮಣಿಕಟ್ಟು ಲೂಸ್ ಬಿಡ್ತಿದೀರ. ವಯಸ್ಸು ಅಂತಾನೂ ಒಂದಿರುತ್ತಲ್ಲ."

ನನಗೆ ಆಗ ನಲವತ್ತೆಂಟು. ಅವರಿಗೆ ಐವತ್ತೆರಡು.

ಟಾನ್ ಅಂಕಲ್ ನನ್ನ ಪರ ನಿಂತರು. ಕೈಯದಲ್ಲ, ಗುಂಡಿನದು, ಜೋರಿನದನ್ನು ಹಾಕು ಎಂದು ತಮ್ಮ ಪೆಟ್ಟಿಗೆಯಿಂದಲೇ ಕೊಟ್ಟರು. ಹಾಕಿದೆ. ಪಿಸ್ತೂಲು ಓಡಿತು, ಅರೆಮನಸ್ಸಿನಿಂದ. ಆದರೆ ಮೂತಿ ಹಾರಿ ಹಾರಿ ನನ್ನ ಗುಂಡುಗಳು ಕಪ್ಪು ವೃತ್ತ ಬಿಟ್ಟು ಬಿಳಿಯ ಕಡೆಗೆಲ್ಲ ಚೆಲ್ಲಾಪಿಲ್ಲಿಯಾದವು. ನಿಧಾನದ್ದು ಹಾಕಿದರೆ ಜಾಮ್, ಜೋರಿನದು ಹಾಕಿದರೆ ಅಂಕ ಹೋಯಿತು. ಕಾಲೇಜಿನಲ್ಲಿ ಮಕ್ಕಳಿಗೆ ಉತ್ತರವಿಲ್ಲದ ಲೆಕ್ಕ ಕೊಡಬಾರದು ಎಂದು ನಾನೇ ಹೇಳುತ್ತಿದ್ದೆ.

"ನಾಳೆ ಮ್ಯಾಚ್ ಶುರು ಆಗೋ ಒಂದು ಗಂಟೆ ಮುಂಚೆ ಟೀಮ್ ಫೈನಲ್ ಮಾಡ್ಬೇಕು" ಎಂದರು ರಾಜಶೇಖರ್. "ಕಿಶೋರ್‌ನ ಇಳಿಸ್ತೀನಿ. ತಪ್ಪು ತಿಳ್ಕೋಬೇಡಿ ಮೇಡಂ."

ಕಿಶೋರ್ ಪಾಪ ಹೆದರಿದರು. ಅವರು ಮಾರನೆಯ ದಿನ ಡಿವಿಡಿ ಪ್ಲೇಯರ್ ಕೊಳ್ಳಲು ಹೋಗುವವರಿದ್ದರು.

ರಾಫೆಲ್ಸ್ ಪ್ಲೇಸ್

ಆ ಸಂಜೆ ಅತ್ತೆಯವರನ್ನು ಪ್ರಕಾಶನ ಆಫೀಸು ನೋಡಲು ಕರೆದುಕೊಂಡು ಹೋಗಬೇಕಿತ್ತು. ಎಂ.ಆರ್.ಟಿ. ರೈಲಿನಲ್ಲಿ ನಾನು ಕಂಬ ಹಿಡಿದು ನಿಂತು, ಯಾರಿಗೂ ಕಾಣದ ಹಾಗೆ ಮಣಿಕಟ್ಟನ್ನು ಬಿಗಿ ಮಾಡಿ, ಸಡಿಲ ಮಾಡಿ ನೋಡುತ್ತಲೇ ಇದ್ದೆ. ಎದುರು ಕೂತ ಮಲಯ್ ಹೆಂಗಸು ಎದ್ದು ನನಗೆ ಸೀಟು ಕೊಟ್ಟಳು. ಆ ಹೊತ್ತಿನಲ್ಲಿ ಆ ಮರ್ಯಾದೆ ನನಗೆ ಮುಳ್ಳಿನಂತೆ ಚುಚ್ಚಿತು.

ರಾಫೆಲ್ಸ್ ಪ್ಲೇಸಿನಲ್ಲಿ ಜನ ನಡೆಯುವುದಿಲ್ಲ, ನುಗ್ಗುತ್ತಾರೆ. ಗಾಜಿನ ಕಟ್ಟಡಗಳು, ಎಲ್ಲರ ಕೊರಳಲ್ಲೂ ಗುರುತಿನ ಪಟ್ಟಿ, ದುಡ್ಡು ಹರಿಯುತ್ತಿರುವ ಊರಿನ ಅವಸರ. ಹತ್ತಿರದ ಹಾಕರ್ ಸೆಂಟರಿಗೆ ಹೋದೆವು, ಸಾಲು ಸಾಲು ತಿಂಡಿ ಅಂಗಡಿಗಳು, ಮಧ್ಯೆ ಮೇಜು. ಒಂದು ಮೇಜು ಖಾಲಿ ಇತ್ತು. ಮೇಲೊಂದು ಟಿಶ್ಯೂ ಪೇಪರಿನ ಪುಟ್ಟ ಪ್ಯಾಕೆಟ್. ಅತ್ತೆ ಕೂತರು, ಪ್ಯಾಕೆಟ್ ಬಿಚ್ಚಿದರು, ಮೇಜು ಒರೆಸಿದರು, ಕನ್ನಡಕವನ್ನೂ ಒರೆಸಿಕೊಂಡರು. ಅಷ್ಟರಲ್ಲಿ ನೂಡಲ್ಸ್ ತಟ್ಟೆ ಹಿಡಿದು ಟೈ ಕಟ್ಟಿದ ಇಬ್ಬರು ಬಂದು ಬಾಯಿ ತೆರೆದು ನಿಂತರು. ಮೇಜಿನ ಮೇಲೆ ಟಿಶ್ಯೂ ಇಟ್ಟರೆ ಜಾಗ ಕಾದಿರಿಸಿದ ಹಾಗೆ, ಅದನ್ನು ಯಾರೂ ಮುಟ್ಟುವುದಿಲ್ಲವಂತೆ.

"ನಮ್ಮ ಬಸ್ಸಲ್ಲಿ ಕಿಟಕಿಯಿಂದ ಟವಲ್ ಹಾಕೋ ಹಾಗೆ ಅನ್ನು" ಎಂದು ಅತ್ತೆ ಎದ್ದರು. "ಆದ್ರೆ ನಮ್ಮಲ್ಲಿ ಟವಲ್ಲಾದ್ರೂ ವಾಪಸ್ ಸಿಗುತ್ತೆ."

ನಾನು ನಗಲಿಲ್ಲ. ಅತ್ತೆಗೆ ಅನುಮಾನ ಬಂದು ಕೇಳಿದರು, ಹೇಳಿದೆ. ಜಾಮ್ ಆದದ್ದು, ಕಿಶೋರ್ ಆಡುವುದು, ಎಲ್ಲ. ನಿಜ ಹೇಳಬೇಕೆಂದರೆ ರಾಜಶೇಖರ್ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ ಭಯ ನನ್ನನ್ನು ಹಿಡಿದಿತ್ತು. ಅವರ ಮಾತೇ ಸರಿಯಿದ್ದರೆ? ಕೈ ನಿಜವಾಗಿಯೂ ಸೋತಿದ್ದರೆ? ನಾಳೆ ಕಿಶೋರ್ ನಿಂತರೆ ಮುಂದೆ ನಮ್ಮ ಕ್ಲಬ್ಬಿನ ಯಾವ ಹೆಂಗಸನ್ನೂ ಅವರು ಹೊರಗೆ ಕಳಿಸುವುದಿಲ್ಲ, ನನ್ನ ಮಣಿಕಟ್ಟಿನ ಹೆಸರು ಹೇಳಿಯೇ ಬೇಡ ಎನ್ನುತ್ತಾರೆ.

"ಬಾವಿಯಿಂದ ನೀರು ಸೇದಿದ ಕೈ ಕಣೇ ನಿಂದು" ಎಂದರು ಅತ್ತೆ. ಅಷ್ಟು ಹೇಳಿ ತಮ್ಮ ತಟ್ಟೆಯ ಬಾಳೆಹಣ್ಣಿನ ಬಜ್ಜಿಯಲ್ಲಿ ದೊಡ್ಡದನ್ನು ನನ್ನ ಕಡೆ ತಳ್ಳಿದರು.

ಅಡುಗೆಮನೆಯ ಕಿಟಕಿ

ಬೆಳಿಗ್ಗೆ ಎದ್ದು ಕಾಫಿಗೆ ಹೋದೆ. ಅತ್ತೆ ಅಡುಗೆಮನೆಯ ಕಿಟಕಿಯ ಹತ್ತಿರ, ಎಳೆ ಬಿಸಿಲು ಬೀಳುವ ಕಡೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿ ಹಿಡಿದು ಅಲ್ಲಾಡಿಸುತ್ತಿದ್ದರು. ಎಣ್ಣೆ ಅಲ್ಲಾಡಲೇ ಇಲ್ಲ. ಬೆಳ್ಳಗೆ ಮೇಣದ ಬತ್ತಿಯ ಹಾಗೆ ಗಟ್ಟಿಯಾಗಿತ್ತು.

"ನೋಡೇ ವಸು, ನಮ್ಮೂರಲ್ಲಿ ಸಂಕ್ರಾಂತಿ ಚಳಿಗೆ ಕೂಡ ಇಷ್ಟು ಗಡ್ಡೆ ಕಟ್ಟಲ್ಲ. ಈ ಹಾಳು ಎ.ಸಿ. ರೂಮಲ್ಲಿ ಇಟ್ಟಿದ್ದಕ್ಕೆ ಹೀಗಾಯ್ತು. ಸ್ವಲ್ಪ ಬಿಸಿಲು ತೋರಿಸಿದ್ರೆ ಸರಿಹೋಗುತ್ತೆ."

ಎ.ಸಿ.ಯಲ್ಲಿ ಗಟ್ಟಿ, ಬಿಸಿಲಲ್ಲಿ ಸರಿ. ನಾನು ಕಾಫಿ ಲೋಟ ಹಿಡಿದು ಹಾಗೇ ನಿಂತೆ. ನಿನ್ನೆಯ ಕೊಬ್ಬರಿ ಸುಟ್ಟ ವಾಸನೆ ಮೂಗಿಗೆ ಬಂದ ಹಾಗಾಯಿತು.

"ಅತ್ತೆ, ನನ್ನ ಪಿಸ್ತೂಲಿಗೆ ನೀವೇನಾದ್ರೂ ಹಚ್ಚಿದ್ರಾ?"

"ಹ್ಞೂ ಮತ್ತೆ! ಹೊರಡೋ ಹಿಂದಿನ ದಿನ ನೀನು ಅದನ್ನ ಬಿಚ್ಚಿ ಪೇಪರ್ ಮೇಲೆ ಹರಡಿ ಫೋನಿಗೆ ಹೋದೆ. ಪಾಪ, ಒಣಒಣಾಂತ ಇತ್ತು. ಪರದೇಶಕ್ಕೆ ಹೋಗೋ ಆಯುಧ, ಹಾಗೆ ಕಳಿಸಕ್ಕಾಗುತ್ತಾ? ಆಯುಧ ಪೂಜೆಗೆ ಹೊಲಿಗೆ ಮಿಷನ್ನಿಗೆ, ಈಳಿಗೆಮಣೆಗೆ ಹಚ್ಚೋ ಹಾಗೆ ಎಲ್ಲಾ ತುಂಡಿಗೂ ಎಣ್ಣೆ ಸವರಿ ಕೈಮುಗಿದೆ. ಸಂದಿಗೊಂದಿಗೂ ಬಿಟ್ಟೆ. ಕುಂಕುಮ ಮಾತ್ರ ಇಡಲಿಲ್ಲ, ನೀನು ಬೈತೀಯಾಂತ."

ಫೋನು ಮುಗಿಸಿ ಬಂದಾಗ ತುಂಡುಗಳೆಲ್ಲ ಮಿರಿಮಿರಿ ಮಿಂಚುತ್ತಿದ್ದದ್ದು ನೆನಪಾಯಿತು. ನಾನೇ ಎಣ್ಣೆ ಹಾಕಿ ಮುಗಿಸಿದ್ದೆ ಎಂದುಕೊಂಡು ಜೋಡಿಸಿ ಪೆಟ್ಟಿಗೆಗೆ ಇಟ್ಟಿದ್ದೆ. ಹಳೆಯ ರೇಂಜಿನ ಸೆಖೆಯಲ್ಲಿ ಆ ಎಣ್ಣೆ ನೀರಾಗಿ ಹರಿದಿತ್ತು, ಪಿಸ್ತೂಲು ಓಡಿತ್ತು. ಒಳಾಂಗಣದ ಚಳಿಗೆ ಗಡ್ಡೆ ಕಟ್ಟಿತ್ತು. ನಾಲ್ಕು ಗುಂಡು ಹೊಡೆದು ಬಿಸಿಯಾದರೆ ಕರಗಿ, ನೀರು ಕುಡಿದು ಬರುವಷ್ಟರಲ್ಲಿ ಮತ್ತೆ ಹೆಪ್ಪುಗಟ್ಟುತ್ತಿತ್ತು. ಲೆಕ್ಕ ಪೂರ್ತಿ ಬಿಡಿಸಿಕೊಂಡಿತು. ಗುಂಡಿನ ತಪ್ಪಲ್ಲ. ಕೈಯ ತಪ್ಪಂತೂ ಅಲ್ಲವೇ ಅಲ್ಲ!

ನಾನು ಅತ್ತೆಯನ್ನು ತಬ್ಬಿಕೊಂಡು ಗಟ್ಟಿಯಾಗಿ ನಕ್ಕೆ, ಕಣ್ಣಲ್ಲಿ ನೀರೂ ಬಂತು. "ಇದಕ್ಕೆ ಹುಚ್ಚು ಹಿಡೀತು" ಎಂದು ಅವರು ಸುಧಾಳನ್ನು ಕೂಗಿದರು.

ಮತ್ತೆ ಒಳಾಂಗಣ

ಆದರೆ ಪಿಸ್ತೂಲು ಇದ್ದದ್ದು ಶಸ್ತ್ರಾಗಾರದಲ್ಲಿ, ಬೀಗದೊಳಗೆ. ತಂಡದ ಹೆಸರು ಕೊಡುವ ಹೊತ್ತು ಹತ್ತಿರವಾಗುತ್ತಿತ್ತು. ಟ್ಯಾಕ್ಸಿ ಹಿಡಿದು ನಾನೂ ಅತ್ತೆಯೂ ಓಡಿದೆವು. ಟಾನ್ ಅಂಕಲ್‌ಗೆ ವಿಷಯ ಹೇಳಿದೆ. ತಲೆಗೆ ಹಚ್ಚುವ ಎಣ್ಣೆ ಎಂದಾಗ ಅವರು ನಂಬಲಿಲ್ಲ. ಆದರೂ ಪಿಸ್ತೂಲು ತರಿಸಿ, ಸ್ವಚ್ಛಗೊಳಿಸುವ ಮೇಜು ಬಿಡಿಸಿಕೊಟ್ಟರು. ಬಿಚ್ಚಿದೆ. ಮೇಲಿನ ಭಾಗ ಸರಿಯುವ ಸಂದಿನಲ್ಲಿ, ಸ್ಪ್ರಿಂಗಿನ ಸುತ್ತುಗಳಲ್ಲಿ, ಮೂಲೆಮೂಲೆಯಲ್ಲಿ ಬೆಳ್ಳನೆಯ ಜಿಡ್ಡು. ಅಂಕಲ್ ಬೆರಳಿಂದ ಮುಟ್ಟಿ ಮೂಸಿ ನೋಡಿದರು.

"ಇಷ್ಟು ವರ್ಷದ ಸರ್ವಿಸಲ್ಲಿ ಏನೇನೋ ನೋಡಿದೀನಿ" ಎಂದರು. "ಇದನ್ನ ನೋಡಿಲ್ಲ."

ಅತ್ತೆ ಮಫ್ಲರ್ ಸರಿಮಾಡಿಕೊಂಡು ಅವರಿಗೆ ಕೈಮುಗಿದರು. ತಮ್ಮನ್ನು ಹೊಗಳಿದರು ಎಂದುಕೊಂಡರು.

ದ್ರಾವಣದಲ್ಲಿ ಅದ್ದಿ, ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಸರಿಯಾದ ಪಿಸ್ತೂಲಿನ ಎಣ್ಣೆಯನ್ನು ಹನಿಯಷ್ಟೇ ಹಾಕಿ ಜೋಡಿಸಿದೆ. ಅಷ್ಟರಲ್ಲಿ ರಾಜಶೇಖರ್, ಉತ್ತಪ್ಪ, ಮುಖ ಬಾಡಿದ ಕಿಶೋರ್ ಬಂದರು. ನಾನು ಎಲ್ಲ ವಿವರಿಸಿದೆ.

"ಎಣ್ಣೆ ಕಥೆ ಇರ್ಬಹುದು ಮೇಡಂ. ಆದ್ರೂ ರಿಸ್ಕ್ ಬೇಡ" ಎಂದರು ರಾಜಶೇಖರ್. "ಇಲ್ಲಾಂದ್ರೆ ಜೋರಿನ ಗುಂಡಾದ್ರೂ ಹಾಕಿ. ಕೈ ಸಪೋರ್ಟ್ ಕಮ್ಮಿ ಇರೋವಾಗ ಅದೇ ಸೇಫು."

"ನಿಧಾನದ್ದೇ ಹಾಕ್ತೀನಿ ಸಾರ್. ಐದೇ ಐದು ಗುಂಡು ಹೊಡೀತೀನಿ, ನೀವು ನನ್ನ ಕೈ ನೋಡಿ. ಒಂದು ಸಿಕ್ಕಿಹಾಕ್ಕೊಂಡ್ರೂ ಕಿಶೋರ್ ಆಡ್ಲಿ."

ಪಕ್ಕದ ಲೇನಿನಲ್ಲಿ ನಿಂತೆ. ಚಳಿ ಹಿಂದಿನ ದಿನದ್ದೇ. ಐದು ಸಲ ಒತ್ತಿದೆ. ಐದು ಖಾಲಿ ಕೇಸುಗಳು ಒಂದರ ಹಿಂದೊಂದು ಟಿಣ್ ಟಿಣ್ ಎಂದು ನೆಲಕ್ಕೆ ಹಾರಿದವು. ಆ ಸದ್ದಿನಷ್ಟು ಇಂಪಾದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಆಡ್ಲಿ ಬಿಡಿ ಮಾರಾಯ್ರೇ" ಎಂದರು ಉತ್ತಪ್ಪ. "ಥ್ಯಾಂಕ್ಸ್ ಮೇಡಂ" ಎಂದು ಮನಸಾರೆ ಹೇಳಿದವರು ಕಿಶೋರ್, ಹೇಳಿ ನಿಲ್ಲದೆ ಅಂಗಡಿಗೆ ಹೊರಟರು.

ಪಂದ್ಯ ಬಿಗಿಯಾಗಿಯೇ ನಡೆಯಿತು. ಸಿಂಗಪುರದವರು ಗಡಿಯಾರದ ಹಾಗೆ ಹೊಡೆಯುತ್ತಿದ್ದರು. ಉತ್ತಪ್ಪ ಚೆನ್ನಾಗಿ ಹೊಡೆದರು, ರಾಜಶೇಖರ್ ಕೂಡ. ನನ್ನ ಕೊನೆಯ ಸರದಿ ಬಂದಾಗ ನಾವು ಹಿಂದಿದ್ದೆವು, ಉಳಿದದ್ದು ನನ್ನ ಐದು ಗುಂಡು ಮಾತ್ರ. ಒಂದೊಂದು ಗುಂಡಿಗೂ ಗುರಿಹಲಗೆ ಮೂರು ಸೆಕೆಂಡು ಮುಖ ತೋರಿಸಿ ತಿರುಗಿಬಿಡುತ್ತದೆ, ಅಷ್ಟರಲ್ಲಿ ಕೈ ಎತ್ತಿ, ನೋಡಿ, ಹೊಡೆಯಬೇಕು. ಸಿಕ್ಕಿಕೊಂಡರೆ ಮುಗಿಯಿತು. ಗಾಜಿನ ಆಚೆ ಅತ್ತೆ ಮಫ್ಲರ್‌ನೊಳಗಿಂದ ಏನೋ ಗುಣುಗುಣು ಜಪಿಸುತ್ತಿದ್ದರು.

ಹಲಗೆ ತಿರುಗಿತು. ಕೈ ಎದ್ದಿತು. ಮೊದಲನೆಯದು ಹೋಯಿತು, ಎರಡನೆಯದು, ಮೂರನೆಯದು. ಭಯ ಎನ್ನುವುದು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾಲ್ಕನೆಯದಕ್ಕೆ ನಾನು ಉಸಿರನ್ನೂ ಯೋಚಿಸಲಿಲ್ಲ. ಐದನೆಯದು ಹಾರಿದಾಗ ನನಗೆ ಗೊತ್ತಿತ್ತು.

ಅಂಕ ಓದುವವರು ಹಲಗೆಯ ಹತ್ತಿರ ಬಗ್ಗಿ, ಮತ್ತೆ ಬಗ್ಗಿ ನೋಡಿದರು. ಐದೂ ಕಪ್ಪು ವೃತ್ತದ ಒಳಗೆ, ನಾಲ್ಕು ನಟ್ಟ ನಡುವೆ. ಎರಡೇ ಎರಡು ಅಂಕದಿಂದ ನಾವು ಗೆದ್ದೆವು. ಉತ್ತಪ್ಪ ಕೂಗಿಕೊಂಡರು. ಟಾನ್ ಅಂಕಲ್ ತಮ್ಮ ಕ್ಲಬ್ಬು ಸೋತದ್ದನ್ನೂ ಮರೆತು ಚಪ್ಪಾಳೆ ತಟ್ಟಿದರು. ನಾನು ನಿಂತಲ್ಲೇ ಮಗುವಿನ ಹಾಗೆ ಕುಣಿದೆ, ನಾಚಿಕೆಯಾಗಲಿಲ್ಲ.

ಟ್ರೋಫಿ ಕೊಟ್ಟ ಮೇಲೆ ಫೋಟೋಗೆ ನಿಲ್ಲಿಸಿದರು. ಕ್ಯಾಪ್ಟನ್ ನನ್ನ ಕೈ ಕುಲುಕಬೇಕು, ಕ್ಯಾಮೆರಾದವನು ಹಿಡಿಯಬೇಕು. ರಾಜಶೇಖರ್ ನಗುತ್ತ ಬಂದರು.

"ಕಂಗ್ರಾಟ್ಸ್ ಮೇಡಂ. ಲಕ್ ಇತ್ತು ಇವತ್ತು" ಎಂದು ಕೈ ಚಾಚಿದರು.

ನಾನು ಆ ಕೈ ಹಿಡಿದುಕೊಂಡೆ. ಕ್ಯಾಮೆರಾದವನು ಇನ್ನೊಂದು ಎಂದ. ನಾನು ಬಿಡಲಿಲ್ಲ. ಮತ್ತೊಂದು ಎಂದ. ರಾಜಶೇಖರ್ ಬೆರಳು ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ.

"ಮೇಡಂ" ಎಂದರು ಮೆಲ್ಲಗೆ, "ನೋವಾಗ್ತಿದೆ."